ಆರನೆಯ ಲೋಹ

ಐದು ಲೋಹಗಳ ಪುಡಿಯನ್ನು ಸಮನಾಗಿ ಬೆರೆಸಿ, ಉಕ್ಕಿನ ಗುಂಡುಗಳ ಜೊತೆ ಡಬ್ಬಿಯಲ್ಲಿ ಮುಚ್ಚಿ, ಗಿರಣಿಗೆ ಹಾಕಿ ಗಿರಗಿರ ತಿರುಗಿಸಬೇಕು. ಗುಂಡುಗಳು ಜಜ್ಜಿ ಜಜ್ಜಿ ಐದನ್ನೂ ಒಂದೇ ಲೋಹ ಮಾಡಬೇಕು. ಕಳೆದ ವರ್ಷ ಮಾಡಿದ್ದವು. ಅದರ ಮೇಲೆಯೇ ಗಿರಣಿಯಕ್ಕ ಇಡೀ ಪಿಎಚ್.ಡಿ. ಪ್ರಬಂಧ ಬರೆದು ಮುಗಿಸಿದ್ದಳು. ಸದಾ ಗಿರಣಿಯ ಪಕ್ಕದಲ್ಲೇ ಕೂತಿರುತ್ತಾಳೆಂದು ಲ್ಯಾಬಿನವರು ಇಟ್ಟ ಹೆಸರು ಅದು. ರುಜು ಹಾಕಬೇಕಾದ ಪರೀಕ್ಷಕರು ಒಂದೇ ಮಾತು ಕೇಳಿದ್ದರು: “ಇನ್ನೊಂದು ಸಲ ಮಾಡಿ ತೋರಿಸಿಬಿಡಿ.”

ಅಷ್ಟೇ ತಾನೆ, ಅಂದುಕೊಂಡಿದ್ದಳು. ಆಗಬೇಕಲ್ಲ! ಎಷ್ಟು ಸಲ ತಿರುಗಿಸಿದರೂ ಎಕ್ಸ್-ರೇ ಚಿತ್ರದಲ್ಲಿ ಐದರ ಪೈಕಿ ಕ್ರೋಮಿಯಂ ಮಾತ್ರ ಮುನಿಸಿಕೊಂಡ ಬೀಗರ ಹಾಗೆ ಬೇರೆಯೇ ಕೂತಿರುತ್ತಿತ್ತು. ಪುಡಿ ಬದಲಿಸಿದಳು, ವೇಗ ಹೆಚ್ಚಿಸಿದಳು, ಗಿರಣಿಗೆ ಬಾಯಿಗೆ ಬಂದಂತೆ ಬೈದಳು. ಮನೆಯಲ್ಲಿ ಗಂಡ “ಆಯ್ತಾ?” ಅಂದರೆ ಅವನ ಮೇಲೂ ಹಾರಿಬೀಳುತ್ತಿದ್ದಳು. ಇವತ್ತು ಮತ್ತೆ ಅದೇ ಹಾಳು ಚಿತ್ರ ಬಂದಾಗ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ರೇಗಿತು.

ಅವಳ ಗೈಡು, ಎಲ್ಲರ ಬಾಯಲ್ಲೂ ಮೇಷ್ಟ್ರು, ಬಾಗಿಲಲ್ಲಿ ನಿಂತು ಸಮಾಧಾನ ಹೇಳಿದರು: “ಡಬ್ಬಿ ಕೊಳೆ ಅಂತೂ ಅಲ್ಲ ಬಿಡಮ್ಮ. ನೀನು ಬರೆಯೋಕೆ ರಜೆ ಹಾಕಿದ್ಯಲ್ಲ, ಆಗ ನಾನೇ ಆಸಿಡ್ ಹಾಕಿ ಫಳಫಳ ತೊಳೆದಿಟ್ಟೆ.”

“ತೊಳೆದ್ರಾ?”

ಗಿರಣಿಯ ಡಬ್ಬಿಯನ್ನು ಯಾರೂ ಹಾಗೆ ತೊಳೆಯುವುದಿಲ್ಲ. ಒಳಗೋಡೆಗೆ ಅಂಟಿದ ಪುಡಿಯ ಪದರವಿದ್ದರೆ ಡಬ್ಬಿಯ ಉಕ್ಕು ಸವೆದು ಪುಡಿಗೆ ಸೇರುವುದಿಲ್ಲ. ಪಳಗಿದ ಬಾಣಲೆಯಂತಿದ್ದ ಡಬ್ಬಿ ಅದು!

“ಅಯ್ಯೋ ಸರ್, ನಿಮ್ಮ ಚೊಕ್ಕಟತನಕ್ಕಿಷ್ಟು ಬೆಂಕಿ ಹಾಕ! ನನ್ನ ಕೆಲಸ ಎಲ್ಲಾ ಮಣ್ಣುಪಾಲು ಮಾಡಿಬಿಟ್ರಲ್ಲ!”

ಮೇಷ್ಟ್ರ ಮುಖ ಸಣ್ಣಗಾಯಿತು. ಅವಳು ಅಷ್ಟಕ್ಕೇ ಬಿಡಲಿಲ್ಲ. ತಪ್ಪು ಅವರದೇ, ಪದರವಿದ್ದಾಗ ಪುಡಿಗೆ ಉಕ್ಕು ಸೇರಿರಲಿಲ್ಲ ಎಂದು ಸಾಧಿಸಲು ಕಳೆದ ವರ್ಷದ ಪುಡಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಇಟ್ಟಳು. ಯಾವ ಲೋಹ ಹುಡುಕಬೇಕೋ ಅದಕ್ಕೆ ಪರದೆಯಲ್ಲಿ ಗುರುತು ಹಾಕಬೇಕು. ಇಷ್ಟು ದಿನ ತನ್ನ ಐದಕ್ಕೇ ಹಾಕುತ್ತಿದ್ದಳು. ಡಬ್ಬಿಗೆ ಸುರಿದದ್ದೇ ಐದು, ಬೇರೆ ಇದ್ದೀತೆಂಬ ಯೋಚನೆಯೇ ಬಂದಿರಲಿಲ್ಲ. ಇವತ್ತು ಸಿಟ್ಟಿನಲ್ಲಿ ಎಲ್ಲಕ್ಕೂ ಹಾಕಿದಳು.

ತಾಮ್ರ ಕಂಡಿತು. ಚೂರುಪಾರಲ್ಲ, ಧಾರಾಳವಾಗಿಯೇ ಇತ್ತು.

ಅವಳಿಗಿಂತ ಮುಂಚೆ ಆ ಡಬ್ಬಿಯಲ್ಲಿ ಸೀನಿಯರ್ ಒಬ್ಬಳು ತಾಮ್ರ ಅರೆಯುತ್ತಿದ್ದಳು. ಅವಳು ಬಿಟ್ಟುಹೋದ ಪದರವೇ ಸವೆದು ಬಂದು, ಕ್ರೋಮಿಯಮ್ಮನ್ನು ಪುಸಲಾಯಿಸಿ ಉಳಿದವುಗಳ ಜೊತೆ ಕೂಡಿಸಿತ್ತು. ಬರೀ ಐದು ಲೋಹಗಳು ಯಾವತ್ತೂ ಒಂದಾಗಿರಲೇ ಇಲ್ಲ. ಮೇಷ್ಟ್ರು ಕೆಡಿಸಿದ್ದು ಏನೂ ಇರಲಿಲ್ಲ, ಅವಳ ಪ್ರಬಂಧವೇ ತಪ್ಪಾಗಿತ್ತು.

ಮೇಷ್ಟ್ರು ಪರದೆ ನೋಡಿ ದನಿ ತಗ್ಗಿಸಿದರು: “ಸೀನಿಯರ್ ಬಿಟ್ಟ ತಾಮ್ರದ ಪುಡಿ ಇನ್ನೂ ಕಪಾಟಲ್ಲಿದೆ. ಒಂದು ಸಲ ಅದನ್ನ ಡಬ್ಬೀಲಿ ತಿರುಗಿಸಿಬಿಟ್ರೆ ಮತ್ತೆ ಪದರ ಹಿಡಿದು ನಿನ್ನ ಹಳೇ ಫಲಿತಾಂಶ ಬರುತ್ತೆ. ತಾಮ್ರ ಇದೆಯಾ ಅಂತ ಪರೀಕ್ಷಕರೇನೂ ಕೇಳಿಲ್ವಲ್ಲ.”

ಆಸೆಯಾಯಿತು. ಸುಳ್ಳು ಯಾಕೆ, ತುಂಬಾನೇ ಆಸೆಯಾಯಿತು. ಎದ್ದು ಹೋಗಿ ಕಪಾಟಿನ ಹಿಡಿಯ ಮೇಲೆ ಕೈಯನ್ನೂ ಇಟ್ಟಳು. ನಾಳೆ ಇನ್ನೆಲ್ಲೋ ಇನ್ಯಾವಳೋ ಈ ಪ್ರಬಂಧ ನಂಬಿಕೊಂಡು, ಶುದ್ಧ ಡಬ್ಬಿಯಲ್ಲಿ ಅರೆದೂ ಅರೆದೂ ತಾನೇ ದಡ್ಡಿ ಅಂದುಕೊಳ್ಳುತ್ತಾಳಲ್ಲ, ಅನ್ನಿಸಿ ಮೈಯೆಲ್ಲ ಉರಿಯಿತು. ಅಲ್ಲೇ ನಿಂತು ಪರೀಕ್ಷಕರಿಗೆ ಫೋನ್ ಮಾಡಿದಳು.

“ಸರ್, ಅದು ಐದಲ್ಲ, ಆರು. ನಾನು ನೋಡಿರ್ಲಿಲ್ಲ.”

“ಹಾಗಾದ್ರೆ ಮೊದಲಿಂದ ಬರೀಬೇಕಾಗುತ್ತಲ್ಲಮ್ಮ.”

“ಗೊತ್ತು ಸರ್,” ಅಂದಳು. ಫೋನಿಟ್ಟು, ಮೇಷ್ಟ್ರ ಎದುರಿಗೇ ಗೊಳೋ ಎಂದು ಅತ್ತುಬಿಟ್ಟಳು.