ಗೋಡೆಯಮ್ಮ

ಆಕೆಯ ಮುಖದ ಮೇಲೆ ನೊಣ ಬಂದು ಕೂತರೆ, ಕೂತದ್ದು ಮನುಷ್ಯರ ಮೇಲೋ ಗೋಡೆಯ ಮೇಲೋ ಎಂದು ಆ ನೊಣಕ್ಕೇ ಅನುಮಾನ ಬರಬೇಕು. ಅಂಥ ನಿಶ್ಚಲ ಮುಖ. ಆಸ್ಪತ್ರೆಯವರೆಲ್ಲ ಎದುರಿಗೆ ‘ಡಾಕ್ಟರಮ್ಮ’ ಎಂದು, ಬೆನ್ನ ಹಿಂದೆ ‘ಗೋಡೆಯಮ್ಮ’ ಎನ್ನುತ್ತಿದ್ದರು. ಜೇಬು ಜೋತುಬಿದ್ದ ಬೂದುಬಣ್ಣದ ಕೋಟು ತೊಟ್ಟು, ಎದುರು ಬಂದವರಿಗೆಲ್ಲ ದಾರಿ ಬಿಡುತ್ತ, ಕಾರಿಡಾರಿನ ಗೋಡೆಗೆ ಅಂಟಿಕೊಂಡೇ ನಡೆಯುವ ಆಕೆಗೆ ಆ ಹೆಸರು ಒಪ್ಪುತ್ತಲೂ ಇತ್ತು.

ಹುಟ್ಟಿನಿಂದ ಬಂದ ಮುಖವಲ್ಲ ಅದು, ಕಸುಬು ಕೊಟ್ಟದ್ದು. ಪರರ ನೋವಿಗೆ ಕರಗದ, ತಪ್ಪು ಮಾಡಿಯೂ ಅಳುಕದ ಮಗು ಎಂದು ಯಾರಾದರೂ ದೂರು ತಂದರೆ, ಆ ದೂರಿನಲ್ಲಿ ನಿಜವೆಷ್ಟು ಎಂದು ಪರೀಕ್ಷಿಸಿ ಹೇಳುವುದು ಆಕೆಯ ಕೆಲಸ. ಮಕ್ಕಳೋ, ಎದುರಿಗಿದ್ದವರ ಹುಬ್ಬು ನೋಡಿ ಉತ್ತರ ಹೊಂದಿಸುವ ಘಾಟಿಗಳು. ಹಾಗಾಗಿ ಹುಬ್ಬು ಏರಿಸದೆ, ತುಟಿ ಅರಳಿಸದೆ ಕೂತೂ ಕೂತೂ ಮುಖ ಹಾಗೆಯೇ ನಿಂತುಬಿಟ್ಟಿತು. ಆದರೆ ಯಾರಾದರೂ ಮಗುವನ್ನು ಕಲ್ಲುಮನಸ್ಸಿನದು ಎಂದರೆ ಸಾಕು, ಸಿಡಿದೇಳುತ್ತಿದ್ದರು: “ಇನ್ನೂ ಹಸಿ ಮಣ್ಣು ರೀ ಅದು! ಈಗ್ಲೇ ಕಲ್ಲು ಅಂದ್ರೆ ಕಲ್ಲೇ ಆಗಿಬಿಡುತ್ತೆ.”

ಪಾಪ, ಆ ಮಾತನ್ನು ಆಕೆಯ ಪರವಾಗಿ ಆಡುವವರು ಯಾರೂ ಇರಲಿಲ್ಲ. ತಾಯಿ ತೀರಿಕೊಂಡ ದಿನ ಒಡಹುಟ್ಟಿದ ಅಕ್ಕನೇ ಬಂಧುಗಳೆದುರು, “ಅಮ್ಮ ಹೋದ್ರೂ ಒಂದು ಹನಿ ಕಣ್ಣೀರಿಲ್ವಲ್ಲೇ! ನೀನೇನು ಮನುಷ್ಯಳಾ?” ಎಂದಿದ್ದಳು. ಅಂದಿನಿಂದ ಅಕ್ಕನ ಫೋನು ಬಂದಿಲ್ಲ. ಮನೆಗೆ ಹೋದರೆ ಒಂದು ತಟ್ಟೆ, ಒಂದು ಲೋಟ, ಮಾತಿಗೆ ರೇಡಿಯೋ.

ಆ ಮುಖದ ಮೇಲೆ ನೋವು ಕಾಣಿಸಿಕೊಳ್ಳುತ್ತಿದ್ದುದು ನಟನೆಯಲ್ಲಿ ಮಾತ್ರ. ಮಗು ಚಿತ್ರಕ್ಕೆ ಬಣ್ಣ ತುಂಬುತ್ತಿರುವಾಗ ಮೇಜಿನ ಡ್ರಾಯರಿಗೆ ಬೆರಳು ಸಿಕ್ಕಿಸಿಕೊಂಡವರಂತೆ “ಅಮ್ಮಾ!” ಎಂದು ಮುಖ ಹಿಂಡುವರು, ಮಗು ಹತ್ತಿರ ಬರುತ್ತದೋ, ಬೆಚ್ಚುತ್ತದೋ, ನಗುತ್ತದೋ ಎಂದು ಓರೆಗಣ್ಣಿನಲ್ಲಿ ನೋಡುವರು. ಅದೂ ಪರೀಕ್ಷೆಯ ಒಂದು ಭಾಗ.

ಒಮ್ಮೆ ಹನ್ನೆರಡರ ಹುಡುಗಿಯೊಬ್ಬಳು ಬಂದಳು. ತಾಯಿಯಿಲ್ಲದವಳು, ಚಿಕ್ಕಮ್ಮನ ಆಶ್ರಯದಲ್ಲಿದ್ದವಳು. ಚಿಕ್ಕಮ್ಮ ಕೆಟ್ಟವಳಲ್ಲ, ಹೆದರಿದವಳು. “ನನ್ನ ಮಗು ಬಾಗಿಲಿಗೆ ಬೆರಳು ಸಿಕ್ಕಿಸ್ಕೊಂಡು ಚೀರ್ತಿದ್ರೆ ಇವಳು ಸುಮ್ನೆ ನಿಂತು ನೋಡ್ತಿದ್ಳು ಡಾಕ್ಟರೇ. ಅವರಮ್ಮ ಹೋದಾಗ್ಲೂ ಅಳ್ಲಿಲ್ಲ. ಹಟ ಬೇರೆ, ಈಗ ಬಾಗಿಲ ಸಂದಿಗೆಲ್ಲ ಹರಕು ಬಟ್ಟೆ ತುರುಕ್ತಾಳೆ, ಬೈದ್ರೂ ಬಿಡಲ್ಲ. ಇವಳಿಗೆ ಕರುಳೇ ಇಲ್ಲ ಅಂತ ನೀವು ಹೇಳಿದ್ರೆ, ದೂರದ ಹಾಸ್ಟೆಲಿಗೆ ಹಾಕಿಬಿಡ್ತೀನಿ.” ಡಾಕ್ಟರಮ್ಮ ಬಟ್ಟೆಯ ಮಾತನ್ನು ‘ತುಂಟತನ’ದ ಕೆಳಗೆ ಬರೆದುಕೊಂಡರು. ಡ್ರಾಯರಿನ ನಾಟಕವೂ ನಡೆಯಿತು. ಹುಡುಗಿ ಒಮ್ಮೆ ತಲೆಯೆತ್ತಿ ನೋಡಿ, ತುಟಿಪಿಟಕ್ಕೆನ್ನದೆ ಮತ್ತೆ ಬಣ್ಣ ಹಚ್ಚತೊಡಗಿದಳು. ಸ್ಪಂದನೆ ಇಲ್ಲ, ಎಂದು ಬರೆದಾಯಿತು.

ಮುಂದಿನ ವಾರ ಹುಡುಗಿಯನ್ನು ಬಣ್ಣದೊಡನೆ ಒಳಗೆ ಕೂರಿಸಿ, ಚಿಕ್ಕಮ್ಮನೊಡನೆ ಹೊರಗೆ ಮಾತಾಡಿ ಒಳಬಂದ ಡಾಕ್ಟರಮ್ಮ ಪೆನ್ಸಿಲು ತೆಗೆದು ಡ್ರಾಯರನ್ನು ತಳ್ಳಿದರೆ ಅದು ಪೂರ್ತಿ ಮುಚ್ಚಲೇ ಇಲ್ಲ. ಬಗ್ಗಿ ನೋಡಿದರು. ಮೂಲೆಯಲ್ಲಿ ಮಡಚಿದ ಹರಕು ಬಟ್ಟೆ.

“ಏನಮ್ಮಾ ಇದು?”

“ಇನ್ಮೇಲೆ ಬೆರಳು ಸಿಕ್ಕಲ್ಲ,” ಎಂದಳು ಹುಡುಗಿ, ಬಣ್ಣದಿಂದ ಕಣ್ಣೆತ್ತದೆ.

“ಅವತ್ತೇ ನೋವಾಯ್ತಾ ಅಂತ ಕೇಳಬಹುದಿತ್ತಲ್ಲ?”

“ಕೇಳಿದ್ರೆ ನೋವು ಕಮ್ಮಿ ಆಗುತ್ತಾ?”

ಚಿಕ್ಕಮ್ಮ ಹೇಳಿದ್ದ ಬಾಗಿಲ ಸಂದಿಯ ಬಟ್ಟೆಗಳೆಲ್ಲ ಒಮ್ಮೆಲೇ ಡಾಕ್ಟರಮ್ಮನ ಕಣ್ಣ ಮುಂದೆ ಬಂದವು. ಇಷ್ಟು ವರ್ಷ ಮಕ್ಕಳ ಮುಖ ನೋಡಿದ್ದೇ ನೋಡಿದ್ದು, ಕೈಯನ್ನು ನೋಡಿರಲಿಲ್ಲ. ತಾನು ಮಾಡಿದ್ದು ನಟನೆ ಎಂದು ಆ ಹುಡುಗಿಗೆ ಹೇಳಲು ಬಾಯಿ ಬರಲಿಲ್ಲ, ನಾಚಿಕೆಯಾಯಿತು. ಬರೆದದ್ದನ್ನು ಹೊಡೆದುಹಾಕಿ, ಚಿಕ್ಕಮ್ಮನನ್ನು ಒಳಗೆ ಕರೆದು ಡ್ರಾಯರನ್ನು ತೋರಿಸಿದರು. “ನಿಮ್ಮ ಮಗುವಿನ ಬೆರಳು ಕಾಯೋಕೆ ಅಂತ ತುರುಕಿದ್ದು ಕಣಮ್ಮಾ ಅದು.” ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಆಮೇಲೆ ಹುಡುಗಿಯ ಕೈ ಹಿಡಿದು ಮನೆಗೆ ಹೊರಟಳು. ಹಾಸ್ಟೆಲಿನ ಮಾತು ಮತ್ತೆ ಬರಲಿಲ್ಲ.

ಆ ಸಂಜೆ, ಬಟ್ಟೆಯನ್ನು ಅಲ್ಲಿಯೇ ಬಿಟ್ಟು, ಡಾಕ್ಟರಮ್ಮ ಅಕ್ಕನಿಗೆ ಫೋನು ಮಾಡಿದರು. ತಾಯಿ ಹಾಸಿಗೆ ಹಿಡಿದು ಮಲಗಿದ್ದ ಕೋಣೆಯ ಬಾಗಿಲು ಕಿರುಗುಟ್ಟಿ ನಿದ್ದೆ ಕೆಡದಿರಲೆಂದು ತಿಂಗಳುಗಟ್ಟಲೆ ಅದಕ್ಕೆ ಎಣ್ಣೆ ಬಿಟ್ಟವರು ಡಾಕ್ಟರಮ್ಮನೇ. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವಂಥ ವಿಷಯವೆಂದೂ ಅನ್ನಿಸಿರಲಿಲ್ಲ. ಇಂದು ಹೇಳಬೇಕೆನ್ನಿಸಿತು. ಫೋನು ರಿಂಗಾಗಿ ರಿಂಗಾಗಿ ನಿಂತಿತು. ಅಕ್ಕ ಎತ್ತಲಿಲ್ಲ.

ಕೆಲವರ ಪ್ರೀತಿ ಮುಖಕ್ಕೆ ಏರುವ ದಾರಿ ತಪ್ಪಿ ಕೈಗೆ ಇಳಿದುಬಿಡುತ್ತದೆ. ಅಂಥವರು ಅಳುವವರ ನಡುವೆ ಒಣಗಣ್ಣಿನಲ್ಲಿ ನಿಂತು, ಕಲ್ಲು ಎನ್ನಿಸಿಕೊಂಡು, ಎದುರಾಡದೆ ಹೋಗುತ್ತಾರೆ. ನಾವೂ ಅಂದುಬಿಡುತ್ತೇವೆ. ನಮ್ಮ ಬಾಗಿಲು ಇಷ್ಟು ದಿನ ಸದ್ದು ಮಾಡದೆ ಇದ್ದದ್ದು ಹೇಗೆ ಎಂದು ಮಾತ್ರ ಒಮ್ಮೆಯೂ ಕೇಳುವುದಿಲ್ಲ.