ಬೆಳ್ಳಿ ಗೂಡಿನ ತಾಳೆ ಮರ

ಇದು ನಡೆದದ್ದೇ. ನಗಬೇಡ ತಮ್ಮಾ. ಬುಚ್ಚಯ್ಯ ಬಾಯಿ ತೆರೆದರೆ ಬುರುಡೆ ಎಂದು ಈ ತಾಳೆ ಬನದ ಗಿಳಿಗಳಿಗೂ ಗೊತ್ತು. ಆದರೆ ಈಗ ನನ್ನ ಕೈ ಎಲ್ಲಿದೆ ನೋಡು. ಮರ ಹತ್ತುವ ಹಗ್ಗದ ಮೇಲಿದೆ. ನಮ್ಮ ತೆಲಂಗಾಣದಲ್ಲಿ ಕಳ್ಳು ಇಳಿಸುವವನು ದೇವರ ಮೇಲೆ ಆಣೆ ಇಟ್ಟು ತಪ್ಪಬಹುದು, ಮಕ್ಕಳ ಮೇಲೆ ಇಟ್ಟೂ ತಪ್ಪಬಹುದು, ಹಗ್ಗ ಮುಟ್ಟಿ ಮಾತ್ರ ಸುಳ್ಳಾಡುವುದಿಲ್ಲ. ಆಡಿದರೆ ಮರುದಿನ ಅದೇ ಹಗ್ಗ ಅವನನ್ನು ಮರದ ತುದಿಯಲ್ಲಿ ಕೈಬಿಡುತ್ತದೆ. ನಾಳೆ ಬೆಳಿಗ್ಗೆ ನನಗೆ ಮರ ಹತ್ತುವುದಿದೆ. ಆದ್ದರಿಂದ ನಂಬು. ನೀನು ಕುಂಟುತ್ತ ಬಂದದ್ದನ್ನು ನೋಡಿದೆ. ಈ ಕಥೆ ಮುಗಿಯುವವರೆಗೆ ನಿನಗೆ ಕಳ್ಳಿಲ್ಲ.

ಕೊಮರಯ್ಯ ನನ್ನ ಹೆಂಡತಿ ಪೋಚವ್ವನ ತಮ್ಮ. ಅವರವ್ವ ಬೇಗ ಸತ್ತಳು. ಪೋಚವ್ವ ಮದುವೆಯಾಗಿ ನನ್ನ ಮನೆಗೆ ಬರುವಾಗ ಸೊಂಟದ ಮೇಲೆ ಈ ಸಿಂಬಳಬುರುಕನನ್ನೂ ಕೂರಿಸಿಕೊಂಡೇ ಬಂದಳು. ತನ್ನ ತಟ್ಟೆಯ ತುತ್ತು ಅವನ ಬಾಯಿಗಿಟ್ಟು ಬೆಳೆಸಿದಳು. ಅವನ ಸೊಂಟಕ್ಕೆ ಮೊದಲ ಸಲ ಹಗ್ಗ ಕಟ್ಟಿದವನು ನಾನು. ಕೆಳಗೆ ನೋಡಬೇಡ, ಮೇಲೆ ನೋಡಬೇಡ, ಮುಂದಿನ ಹೆಜ್ಜೆ ನೋಡು ಎಂದು ಹೇಳಿಕೊಟ್ಟವನೂ ನಾನೇ. ಕಲಿತ ಮೇಲೆ ಅಳಿಲು ಅವನನ್ನು ನೋಡಿ ನಾಚಿ ಇಳಿದು ಹೋಗುತ್ತಿತ್ತು.

ಒಂದು ವರ್ಷ ನನ್ನ ಮೊಣಕಾಲು ಕೈಕೊಟ್ಟವು. ಒಂದೊಂದು ಹೆಜ್ಜೆಗೂ ಹಳೇ ಗಾಡಿಯ ಕೀಲಿನ ಹಾಗೆ ಕಿರ್‍ರೆನ್ನುತ್ತಿದ್ದವು. ಆ ಸದ್ದಿಗೆ ಗಿಳಿಗಳು ಬನ ಬಿಟ್ಟು ಪಕ್ಕದ ಊರಿಗೆ ವಲಸೆ ಹೋದವು. ಗಡಿಗೆಗೆ ತೊಟ್ಟಿಕ್ಕುವ ಕಳ್ಳು ಕೂಡ ಬೆಚ್ಚಿ ನಿಂತುಬಿಡುತ್ತಿತ್ತು.

"ದವಾಖಾನಿಗಿ ಹೋಗು. ಡಾಕ್ಟರಮ್ಮ ನೋಡಿ ಏನರ ಕೊಡ್ತಾಳ" ಎಂದಳು ಪೋಚವ್ವ.

"ನಮ್ಮಪ್ಪ ಗುಳಿಗಿ ನುಂಗಿಲ್ಲ, ಅವರಪ್ಪ ನುಂಗಿಲ್ಲ. ಮರ ಕೊಟ್ಟ ನೋವು, ಮರಾನೇ ತೆಗೀತದ."

"ಹೌದೌದು. ನಿಮ್ಮಪ್ಪ ಕಡೀಗಾಲಕ್ಕ ತೆವಳ್ಕೊಂಡೇ ಹೋದ. ಅದೂ ಹೇಳು ಮಂದೀಗಿ."

ಅದಾದ ಸ್ವಲ್ಪ ದಿನಕ್ಕೆ ಕೊಮರಯ್ಯ ನಸುಕಿನಲ್ಲಿ ತಾಳೆಗರಿಯ ದೊನ್ನೆ ಹಿಡಿದು ಮನೆಗೆ ಬಂದ. "ಬಾವಾ, ಕೆರೆ ಏರಿ ಮೇಲಿನ ನನ್ನ ಮರದ ಕಳ್ಳಿದು. ಬರಿ ಹೊಟ್ಟೀಲಿ ಕುಡಿ. ಆಮೇಲೆ ಮಾತಾಡು."

ಕುಡಿದೆ. ಬಿಸಿಲು ಏರುವ ಹೊತ್ತಿಗೆ ಮೊಣಕಾಲು ಮೂಕವಾದವು. ಮರುದಿನವೂ ಕುಡಿದೆ. ನಾನು ಮರ ಹತ್ತಲಿಲ್ಲ ತಮ್ಮಾ, ಮರವೇ ಬಗ್ಗಿ ನನ್ನನ್ನು ಎತ್ತಿಕೊಂಡಿತು.

ಇಂಥದ್ದು ನನ್ನ ಬಾಯಿಗೆ ಸಿಕ್ಕರೆ ಬಿಡುತ್ತೇನೆಯೇ? ಸಂತೆಯಲ್ಲಿ ಹೇಳಿದೆ, ಬಸ್ಸಿನಲ್ಲಿ ಹೇಳಿದೆ. ಆ ಮರದ ಕಳ್ಳಿನ ಗಸಿ ನೆಕ್ಕಿದ ಕುಂಟೆತ್ತು ಗಾಡಿಗೆ ಕಟ್ಟಿದರೆ ವರಂಗಲ್ಲಿನವರೆಗೆ ನಿಲ್ಲಲೇ ಇಲ್ಲ ಎಂದೆ. ಸೊಂಟ ಬಗ್ಗಿದ ಮುದುಕಿ ನೆಟ್ಟಗಾಗಿ ಸೂರಿಗೆ ತಲೆ ಬಡಿಸಿಕೊಂಡಳು ಎಂದೆ. ಮರದ ಗರಿಗಳಿಗೆ ಜೋತಿದ್ದ ಗೀಜಗನ ಗೂಡುಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಅದು ಮಾತ್ರ ನನ್ನ ಬುರುಡೆಯಲ್ಲ, ಎಲ್ಲರೂ ಕಣ್ಣಾರೆ ಕಂಡದ್ದು. "ಯಲ್ಲಮ್ಮ ತಾಯಿ ಹಕ್ಕಿಗಳಿಗೆ ಬೆಳ್ಳಿ ದಾರ ಕೊಟ್ಟಾಳ" ಎಂದೆ. ಜನ ಕೆಳಗೆ ನಿಂತು ಕೈ ಮುಗಿದರು. ಬೆಳ್ಳಿ ಗೂಡಿನ ಮರ ಎಂದು ಹೆಸರು ಬಿತ್ತು. ನೋವಿದ್ದವರೆಲ್ಲ ನಸುಕಿಗೇ ಬಂದು ದೊನ್ನೆ ಹಿಡಿದು ಸಾಲಾಗಿ ಕೂರತೊಡಗಿದರು.

ಆ ಗಡಿಗೆಯಲ್ಲಿ ಏನಿದೆ ಎಂದು ಯಾರೂ ಹತ್ತಿ ನೋಡಲಿಲ್ಲವೇ ಎಂದು ಕೇಳುತ್ತೀ. ನೋಡುವಂತಿಲ್ಲ. ಒಬ್ಬನ ಮರಕ್ಕೆ ಇನ್ನೊಬ್ಬ ಕಾಲಿಡುವಂತಿಲ್ಲ, ಅವನ ಗಡಿಗೆ ಮುಟ್ಟುವಂತಿಲ್ಲ. ಮುಟ್ಟಿದವನನ್ನು ಕುಲದವರು ಪಂಕ್ತಿಗೆ ಸೇರಿಸುವುದಿಲ್ಲ. ನನ್ನಪ್ಪನ ಕಾಲದಿಂದಲೂ ಹಾಗೇ. ಬೀಗವಿಲ್ಲದ ಕಸುಬು ನಮ್ಮದು, ಎಲ್ಲ ನಂಬಿಕೆಯ ಮೇಲೆ ನಿಂತಿದೆ.

ಪೋಚವ್ವ ಬೀಡಿ ಸುತ್ತುವವಳು. ಕೂತು ಕೂತು ಅವಳ ಸೊಂಟ ಹಿಡಿದಿತ್ತು. ಬೀಪಿಗೆ ಸರಕಾರಿ ದವಾಖಾನೆಯ ಗುಳಿಗೆ ನುಂಗುತ್ತಿದ್ದಳು. ಸೊಂಟ ತೀರಾ ಕಾಡಿದ ಸಂಜೆ ಅಂಗಡಿಯಿಂದ ನೋವಿನ ಗುಳಿಗೆಯನ್ನೂ ತರಿಸಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಅವಳೂ ಹೋಗಿ ಸಾಲಿನಲ್ಲಿ ಕೂತಳು. ಕೊಮರಯ್ಯ ಅಕ್ಕನನ್ನು ಕಂಡು ಒಂದು ಗಳಿಗೆ ಗಡಿಗೆ ಹಿಡಿದು ಹಾಗೇ ನಿಂತ. ನಾನು ಪಕ್ಕದಲ್ಲೇ ಇದ್ದೆ.

"ಯಾಕಲೇ, ನಿಮ್ಮಕ್ಕಗ ಹೊಯ್ಯಾಕ ಕೈ ಬರ್ತಿಲ್ಲೇನು? ಜಿಪುಣ" ಎಂದೆ.

ಅವನು ನಕ್ಕ. ಬಗ್ಗಿಸಿದ. ಅಂದಿನಿಂದ ದಿನಾ ನಸುಕಿಗೆ, ಹೊಟ್ಟೆಗೆ ಒಂದು ತುತ್ತು ಬೀಳುವ ಮೊದಲೇ ಅವಳಿಗೊಂದು ದೊನ್ನೆ. ಸೊಂಟ ಹಗುರಾಯಿತು. ಆಮೇಲೆ ಊಟ ಸೇರದಾಯಿತು. ಎದೆ ಉರಿ ಎಂದಳು. ಪಾದ ಊದಿದವು. ಖಾರ ಹೆಚ್ಚಾಯಿತು ಎಂದುಕೊಂಡೆವು. ಒಂದು ದಿನ ಹಿತ್ತಿಲಿನಿಂದ ಗೋಡೆ ಹಿಡಿದು ಬಂದು, "ಡಾಂಬರಿನಂಗ ಕರ್‍ರಗ ಹೋಯ್ತು" ಎಂದು ಹೇಳುತ್ತಲೇ ಅಂಗಳದಲ್ಲಿ ಕುಸಿದಳು. ವಾಂತಿಯಾಯಿತು. ಕಾಫಿ ಪುಡಿ ಕಲಸಿದ ಹಾಗಿತ್ತು.

ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲಿ ರಕ್ತದ ಬಾಟಲಿ ಏರಿಸಿದರು. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ನೇರ.

"ನೋವಿನ ಗುಳಿಗಿ ಏನೇನು ನುಂಗ್ತಾಳ?"

"ಅಂಗಡೀದು, ಯಾವಾಗರ ಒಂದು."

"ಯಾವಾಗರ ಒಂದಕ್ಕ ಹೊಟ್ಟಿ ಇಷ್ಟು ಹುಣ್ಣಾಗಿರಾದು ನಾ ನಂಬಲ್ಲ. ದಿನಾ ಏನೋ ಹೋಗ್ಯಾದ. ಏನದು?"

"ಏನಿಲ್ಲ ತಾಯಿ. ಕಳ್ಳು ಅಷ್ಟೇ."

"ಕಳ್ಳಿನಾಗ ಏನು?"

"ಕಳ್ಳಿನಾಗ ಕಳ್ಳು. ಮರದಾಗಿಂದು. ನನ್ನ ಹೆಂಡ್ತಿ ತಮ್ಮ ಇಳಿಸಿದ್ದು."

ಅವಳು ನನ್ನನ್ನೇ ನೋಡಿದಳು. "ಕಿಡ್ನಿನೂ ಕೆಡ್ಲಾಕ ಹತ್ಯಾವ, ಕಾಕಾ. ಏನು ಹೋಗ್ಯಾದ ಅಂತ ಗೊತ್ತಾಗದೆ ನಾ ಕತ್ತಲದಾಗ ಕೈ ಆಡಿಸಿದಂಗ ಆಗ್ತದ. ಊರಿಗಿ ಹೋಗಿ ತಿಳ್ಕೊಂಡು ಬರ್ರಿ. ಇವತ್ತೇ."

ಜನ್ಮದಲ್ಲಿ ಒಂದು ಸಲ ಉಪ್ಪು ಖಾರ ಹಚ್ಚದೆ ನಿಜ ಹೇಳಿದ್ದೆ ತಮ್ಮಾ. ಅದನ್ನು ಅವಳು ನಂಬಲಿಲ್ಲ. ನನಗೆ ಸಿಟ್ಟು ಬಂತು. ಬಸ್ಸಿನ ತುಂಬ ಅವಳನ್ನು ಬೈದುಕೊಂಡೇ ಬಂದೆ.

ಕೆರೆ ಏರಿಯ ಮೇಲೆ ಸಂಜೆಯ ಕಳ್ಳಿಗೂ ಸಾಲು ಕೂತಿತ್ತು. ಕೊಮರಯ್ಯ ನನ್ನನ್ನು ಕಂಡವನೇ ಓಡಿ ಬಂದ. "ಅಕ್ಕ ಹ್ಯಾಂಗಿದ್ದಾಳ ಬಾವಾ?"

"ರಕ್ತ ಹೋಗ್ಲಾಕ ಹತ್ಯಾದ. ನಿನ್ನ ಕಳ್ಳಿನಾಗ ಏನರ ಅದ ಏನು ಅಂತ ಕೇಳ್ಯಾಳ ಡಾಕ್ಟರಮ್ಮ. ನಾ ಇಲ್ಲ ಅಂದೀನಿ. ನೀನೂ ಒಂದು ಮಾತು ಇಲ್ಲ ಅಂದುಬಿಡು, ಹೋಗಿ ಹೇಳ್ತೀನಿ."

"ಯಲ್ಲಮ್ಮನಾಣೆ, ಏನಿಲ್ಲ."

"ಆಯ್ತು."

"ಅಕ್ಕನಾಣೆ, ಏನಿಲ್ಲ ಬಾವಾ."

ಅಲ್ಲಿಗೆ ಮುಗಿಯಬೇಕಿತ್ತು. ನಾನು ತಿರುಗಿದ್ದೆ ಕೂಡ. ಆದರೆ ಕೇಳದೆ ಎರಡನೇ ಆಣೆ ಯಾಕೆ ಇಟ್ಟ? ಬುರುಡೆ ಬಿಡುವವನಿಗೆ ಬುರುಡೆಯ ಸದ್ದು ಗೊತ್ತಾಗುತ್ತದೆ. ಅವನ ಹೆಗಲ ಮೇಲಿನ ಹಗ್ಗ ತೆಗೆದು ಅವನ ಮುಂದೆ ಚಾಚಿದೆ. "ಇದರ ಮ್ಯಾಲ ಕೈ ಇಡು."

ಅವನ ಕೈ ಅರ್ಧ ದೂರ ಬಂತು. ಅಲ್ಲೇ ನಿಂತಿತು.

ನಾನೇ ಅವನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಅದು. ದೇವಿಯ ಹೆಸರಿಗೆ ಹೆದರಲಿಲ್ಲ, ಆಸ್ಪತ್ರೆಯಲ್ಲಿ ಮಲಗಿದ ಅಕ್ಕನ ಹೆಸರಿಗೆ ಹೆದರಲಿಲ್ಲ. ನಾಳೆ ತಾನು ಕಟ್ಟಿಕೊಂಡು ಮರ ಹತ್ತಬೇಕಾದ ಹಗ್ಗಕ್ಕೆ ಹೆದರಿದ.

ಆ ಹಗ್ಗವನ್ನೇ ನನ್ನ ಸೊಂಟಕ್ಕೆ ಹಾಕಿಕೊಂಡು ಅವನ ಮರಕ್ಕೆ ಕಾಲಿಟ್ಟೆ. ಕೆಳಗೆ ಕೂತವರು ಎದ್ದು ನಿಂತರು. "ಬುಚ್ಚಯ್ಯ, ಬ್ಯಾರೆಯವರ ಮರ ಅದು. ಕುಲ ಬಿಡ್ತೀಯೇನು?" ಎಂದು ಯಾರೋ ಕೂಗಿದರು. ಕೊಮರಯ್ಯ ಬುಡ ಹಿಡಿದು, "ಇಳಿ ಬಾವಾ, ನಿನ್ನ ಕಾಲ್ ಹಿಡೀತೀನಿ, ಇಳಿ" ಎಂದ. ಆಸ್ಪತ್ರೆಗೆ ಓಡಾಡುವ ಗಡಿಬಿಡಿಯಲ್ಲಿ ನಾನು ಕಳ್ಳು ಕುಡಿದಿರಲಿಲ್ಲ, ಮೊಣಕಾಲಿನ ನೋವು ಮರಳಿ ಬಂದಿತ್ತು. ಒಂದೊಂದು ಹೆಜ್ಜೆಗೂ ಕಣ್ಣಲ್ಲಿ ನೀರು. ಅದು ನೋವಿಗೇ ಇರಬೇಕು ಎಂದುಕೊಂಡೆ.

ತುದಿಗೆ ಹೋಗಿ ಕೂತೆ. ಗೀಜಗನ ಗೂಡು ಕೈಗೆ ಸಿಗುವಷ್ಟು ಹತ್ತಿರ ತೂಗುತ್ತಿತ್ತು. ಹುಲ್ಲಿನ ನಡುವೆ ಬೆಳ್ಳಿ ಚೂರುಗಳು. ಒಂದನ್ನು ಎಳೆದು ನೋಡಿದೆ. ಗುಳಿಗೆ ಒತ್ತಿ ತೆಗೆದ ಖಾಲಿ ಪಟ್ಟಿಯ ಹಾಳೆ. ಗರಿಗಳ ಸಂದಿಯಲ್ಲಿ ಅಂಥ ಪಟ್ಟಿಗಳನ್ನು ಕಂತೆಗಟ್ಟಲೆ ತುರುಕಿದ್ದ. ಕೆಳಗೆ ಬಿಸಾಕಿದರೆ ಯಾರಾದರೂ ನೋಡುತ್ತಾರಲ್ಲ. ಹಕ್ಕಿಗಳು ಅದನ್ನೇ ಹರಿದು ಗೂಡಿಗೆ ಹೆಣೆದಿದ್ದವು. ಗಡಿಗೆ ಬಾಗಿಸಿದೆ. ಅಡಿಯಲ್ಲಿ ಸುಣ್ಣ ಕದಡಿದ ಹಾಗೆ ಬೆಳ್ಳನೆಯ ಗಸಿ.

ಪಟ್ಟಿಗಳನ್ನು ಹಿಡಿಹಿಡಿಯಾಗಿ ಕೆಳಗೆ ಬಿಟ್ಟೆ. ಸಾಲಿನಲ್ಲಿದ್ದವರ ತಲೆ, ಹೆಗಲು, ದೊನ್ನೆಗಳ ಮೇಲೆ ಮಿಂಚುತ್ತ ಬಿದ್ದವು. ಮಗ್ಗದ ನರ್ಸಿಂಹುಲು ಒಂದನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದ.

"ಇದು ನನ್ನ ಮನ್ಯಾಗಿನ ಗುಳಿಗೀನೇ. ಮೊಣಕೈಗಿ ಡಾಕ್ಟರು ಬರಕೊಟ್ಟಾರ. ಮನ್ಯಾಗೂ ನುಂಗಿ, ಇಲ್ಲಿ ಬಂದೂ ಕುಡೀಲಾಕ ಹತ್ತೀನಲ್ಲೋ, ಕೊಮರಯ್ಯ."

ನಾನು ಇಳಿದು ಬರುವಷ್ಟರಲ್ಲಿ ಕೊಮರಯ್ಯ ನೆಲದ ಮೇಲೆ ಕೂತಿದ್ದ.

"ಮೊದಲು ನಿನಗಂತಾನೇ ಹಾಕಿದ್ದೆ ಬಾವಾ. ನೀ ಗುಳಿಗಿ ಮುಟ್ಟಲ್ಲ, ನಿನ್ನ ಕಾಲ್ ನೋಡ್ಲಾಕ ಆಗ್ಲಿಲ್ಲ. ನೀ ಸುಮ್ಮ ಇದ್ದಿದ್ರ ಅಲ್ಲಿಗೇ ಮುಗೀತಿತ್ತು. ನೀ ಊರೆಲ್ಲ ಡಂಗುರ ಹೊಡ್ದಿ. ಮಂದಿ ಬಂದ್ರು. ಬಂದವರಿಗಿ ಹ್ಯಾಂಗ ಇಲ್ಲ ಅನ್ಲಿ? ನನ್ನ ಮರಕ್ಕ ಕೈ ಮುಗೀತಿದ್ರು."

"ಅಕ್ಕಗ?"

ಅವನು ಮಣ್ಣು ನೋಡಿದ.

"ನಿಮ್ಮಕ್ಕಗ ಯಾಕ ಹೊಯ್ದಿ ಕೇಳ್ತೀನಿ."

"ಬ್ಯಾಡ ಅಂದ್ರ, ಯಾಕ ಅಂತ ಕೇಳ್ತಿದ್ಲು."

ಇಷ್ಟೇ ತಮ್ಮಾ ಅವನ ಕಾರಣ. ಯಾಕೆ ಎಂದು ಕೇಳುತ್ತಾಳೆ ಎಂದು, ತುತ್ತಿಟ್ಟು ಬೆಳೆಸಿದವಳಿಗೆ ದಿನಾ ಬೆಳಿಗ್ಗೆ ನಗುತ್ತ ಬಗ್ಗಿಸಿದ. ಅವಳ ಊದಿದ ಪಾದ ಅವನ ಕಣ್ಣೆದುರಿಗೇ ಇದ್ದವು.

ಹೊಡೆಯಬೇಕು ಎಂದುಕೊಂಡೆ, ಕೈ ಏಳಲಿಲ್ಲ. ಒಂದು ಪಟ್ಟಿ ಮಡಿಲಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ಅದರ ಮೇಲಿನ ಹೆಸರು ಓದಿ ನರ್ಸಮ್ಮನಿಗೆ ಏನೇನೋ ಹೇಳಿ ಬಾಟಲಿ ಬದಲಿಸಿದಳು. ಆಮೇಲೆ ನನ್ನ ಹತ್ತಿರ ಬಂದಳು.

"ಗುಳಿಗಿ ಕೆಟ್ಟದ್ದಲ್ಲ ಕಾಕಾ. ನಾನೂ ಬರಕೊಡ್ತೀನಿ. ಆದ್ರ ಊಟ ಆದ ಮ್ಯಾಲ ನುಂಗ್ಬೇಕು. ಸ್ವಲ್ಪದರಾಗ ಸ್ವಲ್ಪ, ನಾಕು ದಿನದ ಮಾತು, ಆಮ್ಯಾಲ ನಿಲ್ಲಿಸ್ಬೇಕು. ಇದು ಬರಿ ಹೊಟ್ಟೀಲಿ ಹೋಗ್ಯಾದ, ಕಳ್ಳಿನ ಜೋಡಿ ಹೋಗ್ಯಾದ, ಮ್ಯಾಲ ಅಂಗಡಿಯಿಂದ ಅದೇ ಜಾತೀದು ಇನ್ನೊಂದು. ಬೀಪಿ ಇದ್ದವರು, ಕಿಡ್ನಿ ಸೋತವರು, ಹೊಟ್ಟಿ ಹುಣ್ಣು ಇದ್ದವರು ಕೇಳದೆ ಮುಟ್ಲೇಬಾರ್ದು. ಕೇಳ್ಲಾಕ ಈ ಹೆಣ್ಮಗಳಿಗಿ ತಾನು ಏನು ಕುಡೀತೀನಿ ಅನ್ನಾದೇ ಗೊತ್ತಿರಲಿಲ್ಲ."

ಪೋಚವ್ವ ಬದುಕಿದಳು. ಅವಳಿಗೆ ಹೇಳುವುದು ಬೇಡ ಎಂದುಕೊಂಡಿದ್ದೆ. ಆದರೆ ಮಂಚದ ಪಕ್ಕದಲ್ಲಿದ್ದ ಆ ಪಟ್ಟಿಯನ್ನು ಅವಳು ನೋಡಿದಳು. ಅದಕ್ಕೆ ಕಳ್ಳಿನ ವಾಸನೆ ಹತ್ತಿತ್ತು.

"ಯಾವ ಮರದ್ದು?" ಎಂದಳು.

ನಾನು ಪಟ್ಟಿಯನ್ನು ಎತ್ತಿ ಮಡಿಲಲ್ಲಿ ಕಟ್ಟಿಕೊಂಡೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ಕುಲದವರು ಕೂತು ನನ್ನನ್ನು ಪಂಕ್ತಿಯಲ್ಲೇ ಉಳಿಸಿಕೊಂಡರು, ಕೊಮರಯ್ಯನ ಮರಗಳನ್ನು ಕಿತ್ತುಕೊಂಡರು. ರಾಖಿ ಹುಣ್ಣಿಮೆಯ ದಿನ ಅವನು ರಾಖಿ ಕಟ್ಟಿಸಿಕೊಳ್ಳಲು ಹೊಸ್ತಿಲಿಗೆ ಬಂದ, ಒಂದು ಚೀಲ ಸೀತಾಫಲ ತಂದಿದ್ದ. ಪೋಚವ್ವ ಚಾಪೆ ಹಾಸಿದಳು, ಅನ್ನ ಬಡಿಸಿದಳು. ಅವನು ಹಣ್ಣು ಬಿಡಿಸಿ ಅವಳ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ.

"ತಿನ್ನಕ್ಕಾ. ಬರೇ ಹಣ್ಣು."

"ಕಳ್ಳೂ ಬರೇ ಕಳ್ಳಂತಾನೇ ಕೊಟ್ಟಿದ್ದಿ" ಎಂದಳು. ದನಿ ಏರಲಿಲ್ಲ. "ಊಟ ಮುಗಿಸು. ಆರ್ತದ."

ರಾಖಿ ಕಟ್ಟಲಿಲ್ಲ. ಅವನು ಹೋದ ಮೇಲೆ ಸೀತಾಫಲವನ್ನು ಬೀದಿಯ ಮೇಕೆ ತಿಂದಿತು. ಅದಕ್ಕೇನೂ ಆಗಲಿಲ್ಲ. ಅವು ನಿಜಕ್ಕೂ ಬರೀ ಹಣ್ಣುಗಳೇ ಇರಬೇಕು. ಅದು ಪೋಚವ್ವನಿಗೂ ಗೊತ್ತಿತ್ತು, ತಮ್ಮಾ. ಆದರೂ ಅವಳ ಕೈ ಮುಂದೆ ಬರಲಿಲ್ಲ.

ಆ ಮರ ಈಗ ಖಾಲಿ ನಿಂತಿದೆ. ಗೀಜಗಗಳು ಹೊಸ ಗೂಡು ಕಟ್ಟಿವೆ, ಬರೀ ಹುಲ್ಲಿನವು. ನಾನು ಡಾಕ್ಟರಮ್ಮನ ಹತ್ತಿರ ಹೋಗಿ ಮೊಣಕಾಲು ತೋರಿಸಿ ಬಂದೆ. ಈಗ ಗಿಡ್ಡ ಮರಗಳನ್ನಷ್ಟೇ ಹತ್ತುತ್ತೇನೆ. ಯಾರು ಏನು ಬಗ್ಗಿಸಿಕೊಟ್ಟರೂ ದೊನ್ನೆ ಓರೆ ಮಾಡಿ ಅಡಿ ನೋಡುತ್ತೇನೆ, ಪೋಚವ್ವ ಕೊಟ್ಟ ಮಜ್ಜಿಗೆಯನ್ನೂ. ಅವಳು ಬೈಯುವುದಿಲ್ಲ. ನೋಡು ನೋಡು ಎನ್ನುತ್ತಾಳೆ.

ಕಥೆ ಮುಗಿಯಿತು. ಗಡಿಗೆ ಇಲ್ಲೇ ಇದೆ, ದೊನ್ನೆಯೂ ಇದೆ. ಆದರೆ ಮೊದಲು ಜೇಬು ತಿರುವಿ ನನಗೆ ತೋರಿಸು. ಎಡಗಡೆಯದಲ್ಲ ತಮ್ಮಾ. ನಾನು ಗುಳಿಗೆ ಎಂದು ಬಾಯಿ ತೆರೆದಾಗಿನಿಂದ ನೀನು ಕೈ ಅಡ್ಡ ಇಟ್ಟುಕೊಂಡು ಕೂತಿದ್ದೀಯಲ್ಲ, ಆ ಬಲಗಡೆಯದು.