ಟೇಕ್ ಹುಟ್ಟಿದ ಊರು

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಗುರುಪ್ರಸಾದ ಮಾಸ್ತರು ಯಾವ ಪ್ರಶ್ನೆಗೂ ಸೋತವರಲ್ಲ. ಅಂಕೋಲೆಯ ಹೈಸ್ಕೂಲಿನಲ್ಲಿ ಅವರದು ಇಂಗ್ಲಿಷ್ ಪಾಠ. ಹೋದ ತಿಂಗಳು ಹಿಲ್ಲೂರಿನ ವಿದ್ಯಾ, "ಸರ್, ಟೇಕ್ ಅನ್ನೋ ಶಬ್ದ ಎಲ್ಲಿಂದ ಬಂತು?" ಅಂದಾಗಲೂ ತಡವರಿಸಲಿಲ್ಲ. "ನಮ್ಮ 'ತೆಗೆ'ಯಿಂದಲೇ ಮಾರಾಯ್ತಿ! ಕಾರವಾರಕ್ಕೆ ಮೆಣಸು ಕೊಳ್ಳೂಕೆ ಬಂದ ಇಂಗ್ಲಿಷರು ಕಲ್ತ್ಕಂಡು ಹೋದ್ರು" ಎಂದುಬಿಟ್ಟರು. ತರಗತಿ ಚಪ್ಪಾಳೆ ತಟ್ಟಿತು, ಮಾಸ್ತರು ಉಬ್ಬಿಹೋದರು.

ಇವತ್ತು ಕಾರವಾರದಲ್ಲಿ ಜಿಲ್ಲಾಮಟ್ಟದ ಇಂಗ್ಲಿಷ್ ಭಾಷಣ ಸ್ಪರ್ಧೆ. ವಿದ್ಯಾ ಅದೇ ಶಬ್ದದ ಮೇಲೆ ಮಾತಾಡುತ್ತಾಳೆಂದು ಬೆಳಿಗ್ಗೆ ತಿಳಿದದ್ದೇ ಅವರು ಕಪಾಟಿನಿಂದ ದೊಡ್ಡ ಡಿಕ್ಷನರಿ ಎಳೆದು ನೋಡಿದರು. ಸಾವಿರ ವರ್ಷದ ಹಿಂದೆ ಉತ್ತರದ ಕಡಲಿನಾಚೆಯವರು ಇಂಗ್ಲೆಂಡಿಗೆ ತಂದ ಶಬ್ದವಂತೆ, ಮೂಲ 'ತಾಕಾ'. ಅದಕ್ಕೂ ಮೊದಲಿದ್ದ 'ನಿಮನ್' ಅದರೆದುರು ಸತ್ತೇಹೋಯಿತಂತೆ. ಕಾರವಾರದ ಸುದ್ದಿ ಎಲ್ಲಿಯೂ ಇಲ್ಲ.

ಹುಡುಗಿಯ ಜೊತೆ ಹೋದ ನಾಗಶ್ರೀ ಟೀಚರ ಫೋನು ಸ್ವಿಚ್ ಆಫ್. ಮಾಸ್ತರು ಸ್ಕೂಟರ್ ಹತ್ತಿದರು. ಅವರ್ಸಾ ದಾಟುವಾಗ ಲಾರಿಯೊಂದು ದಾರಿಯನ್ನೇ ಬಿಡಲಿಲ್ಲ. ಹಿಲ್ಲೂರಿನಿಂದ ಇಷ್ಟು ದೂರ ಬಂದ ಮೊದಲ ಹುಡುಗಿ, ಎಲ್ಲರೆದುರು ನಗೆಪಾಟಲಾದರೆ ಮತ್ತೆ ಬಾಯಿ ತೆರೆದಾಳೇ? ಬಿಣಗಾ ಬರುವಷ್ಟರಲ್ಲಿ ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಸಭಾಂಗಣದ ಬಾಗಿಲಿಗೆ ಬಂದಾಗ ವಿದ್ಯಾ ವೇದಿಕೆ ಮೇಲಿದ್ದಳು. ಔಷಧಿ, ಬಸ್ಸು, ಪರೀಕ್ಷೆ, ಫೋಟೊ, ಎಲ್ಲಕ್ಕೂ ಈ ಒಂದು ಶಬ್ದ ಹೇಗೆ ದುಡಿಯುತ್ತದೆಂದು ಎಷ್ಟು ಚೆಂದ ಹೇಳಿದಳು! ಆಮೇಲೆ ಮೆಣಸಿನ ಕಥೆಯೂ ಬಂತು. ತೀರ್ಪುಗಾರರು ಮುಗುಳ್ನಕ್ಕು, ಇದನ್ನು ಹೇಳಿದ್ದು ಯಾರು ಎಂದು ಕೇಳಿದರು.

"ನಮ್ಮ ಗುರುಪ್ರಸಾದ ಸರ್," ಅಂದಳು ವಿದ್ಯಾ, ಎದೆಯುಬ್ಬಿಸಿ.

ಸಭೆಯೆಲ್ಲ ನಕ್ಕಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವಳಪ್ಪ ಗಣಪ ಆ ದಿನದ ಕೂಲಿ ಬಿಟ್ಟು ಬಂದವ, ಇಂಗ್ಲಿಷ್ ತಿಳಿಯದವ. ಮಗಳ ಮಾತು ಎಲ್ಲರಿಗೂ ಹಿಡಿಸಿತೆಂದುಕೊಂಡು ಅವನೂ ನಕ್ಕ. ಮಾಸ್ತರು ಬಾಗಿಲ ಮರೆಗೆ ಸರಿದರು. ಅಷ್ಟು ನಾಚಿಕೆ ಅವರಿಗೆ ಹಿಂದೆಂದೂ ಆಗಿರಲಿಲ್ಲ.

ಬಹುಮಾನ ಬೇರೆಯವರಿಗೆ ಹೋಯಿತು. ಹೊರಬಂದ ವಿದ್ಯಾಳನ್ನು ಅವರು ಅಂಗಳದಲ್ಲಿ ತಡೆದರು.

"ತಪ್ಪು ನಂದು ಮಗಾ. ನಾನೇ ಕಟ್ಟಿ ಹೇಳಿದ್ದು. ನೀ ಒಂದ್ಸಲ ಡಿಕ್ಷನರಿ ನೋಡಬಾರ್ದಿತ್ತಾ?"

"ನೋಡಿದ್ದೆ ಸರ್," ಅಂದಳು ವಿದ್ಯಾ. "ಅದ್ರಲ್ಲಿ ಬೇರೆನೇ ಇತ್ತು. ಪುಸ್ತಕದ್ದೇ ತಪ್ಪು ಅಂದ್ಕಂಡೆ."